ಮಾಸ್ತರರ ದಪ್ತರ

ಬೆಳಗಾವಿ ಜಿಲ್ಲೆಯ ಘೋಡಗೇರಿಯ ಸುತ್ತಿನ ಹಳ್ಳಿಗಳಲ್ಲಿ ಅರವತ್ತು ದಾಟಿದವರ ಆಧಾರ್ ಕಾರ್ಡು ನೋಡುತ್ತ ಹೋದರೆ ಜೂನ್ 1 ಎಂಬ ಜನ್ಮದಿನಾಂಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಣ್ಣನದೂ ಜೂನ್ 1, ತಮ್ಮನದೂ ಜೂನ್ 1, ಮಗ್ಗುಲ ಮನೆಯ ಕಾಕಾನದೂ ಅದೇ. ಅವರು ಆ ದಿನ ಹುಟ್ಟಿದವರಲ್ಲ ಎಂಬುದು ಊರಿಗೇ ಗೊತ್ತು. ಸಾಲಿ ಶುರುವಾಗುವ ಹೊತ್ತಿಗೆ ಮಾಸ್ತರರು ಓಣಿ ಓಣಿ ತಿರುಗಿ ಮಕ್ಕಳನ್ನು ಕರೆತರುತ್ತಿದ್ದರು. "ಈ ಹುಡುಗ ಯಾವಾಗ ಹುಟ್ಟ್ಯಾನವಾ?" ಎಂದು ಕೇಳಿದರೆ "ಕಾರಹುಣ್ಣಿವಿ ಮರುದಿನಾರಿ" ಎಂದೋ, "ಬರಾ ಬಿದ್ದಿತ್ತಲ್ರಿ, ಆ ವರ್ಷ" ಎಂದೋ ಉತ್ತರ ಬರುತ್ತಿತ್ತು. ಹುಡುಗನ ಬಲಗೈ ನೆತ್ತಿಯ ಮೇಲಿಂದ ಹಾಯ್ದು ಎಡಗಿವಿ ಮುಟ್ಟಿದರೆ ಆರು ತುಂಬಿದ ಲೆಕ್ಕ. ಮಾಸ್ತರರು ಟಾಕನ್ನು ದೌತಿಗೆ ಅದ್ದಿ, ಆರು ವರ್ಷ ಹಿಂದಕ್ಕೆ ಎಣಿಸಿ, ಜೂನ್ 1 ಎಂದು ಬರೆದು ಮುಂದಿನ ಹುಡುಗನನ್ನು ಕರೆಯುತ್ತಿದ್ದರು.

ಆ ಒಂದು ಸಾಲಿನ ಬೆಲೆ ಅವತ್ತು ತಾಯಿಗೂ ತಿಳಿದಿರಲಿಲ್ಲ, ಮಾಸ್ತರರಿಗೂ ತಿಳಿದಿರಲಿಲ್ಲ. ಮುಂದೆ ಆ ಹುಡುಗ ನೌಕರಿ ಸೇರುವಾಗ, ನಿವೃತ್ತನಾಗುವಾಗ, ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುವಾಗ ಸರ್ಕಾರ ನಂಬಿದ್ದು ಅದೇ ಸಾಲನ್ನು. ಸರ್ಕಾರಿ ನೌಕರ ತನ್ನ ವಯಸ್ಸು ತಿದ್ದಿಸಿಕೊಳ್ಳುವುದಿದ್ದರೆ ಸೇವೆಗೆ ಸೇರಿದ ಮೂರು ವರ್ಷದೊಳಗೇ ಕೇಳಬೇಕು ಎಂದು ಕರ್ನಾಟಕ 1974ರಲ್ಲಿ ಒಂದು ಕಾಯ್ದೆಯನ್ನೇ ಮಾಡಿತು. ಹಳ್ಳಿಯ ಕನ್ನಡ ಸಾಲಿಯ ಕಪಾಟಿನಲ್ಲಿರುವ ಜನರಲ್ ರಜಿಸ್ಟರಿಗೆ ಅಷ್ಟು ತೂಕವಿದೆ.

ಶಾಲೆಯ ಕಾಗದಪತ್ರ ಎಂದರೆ ಈಗಿನ ಶಿಕ್ಷಕರಿಗೆ ನೆನಪಾಗುವುದು ಮೊಬೈಲು, ಓಟಿಪಿ, ತೆರೆಯದ ಸರ್ವರು. ಈ ಕಷ್ಟವೆಲ್ಲ ಮೊಬೈಲಿನ ಜೊತೆಗೇ ಬಂದಿತೆಂದು ಹಲವರು ತಿಳಿದಿದ್ದಾರೆ. ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಶಾಲೆಗಳ ಹಿಂದಿನ ನೂರೈವತ್ತು ವರ್ಷ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ದಪ್ತರ ಒಮ್ಮೆಲೇ ಬೆಳೆದಿಲ್ಲ. ಪ್ರತಿ ತಲೆಮಾರಿನಲ್ಲೂ ಒಂದೆರಡು ವಹಿಗಳು ಬಂದು ಸೇರಿದವು. ಬಂದ ವಹಿಗಳಲ್ಲಿ ತಿರುಗಿ ಹೋದವು ಬಹಳ ಕಡಿಮೆ.

ಇಂಗ್ಲಿಷರ ಆಳ್ವಿಕೆಗೆ ಮೊದಲು ಇಲ್ಲಿನ ಗಾಂವಠಿ ಸಾಲಿಗಳಲ್ಲಿ ದಪ್ತರ ಎಂಬುದೇ ಇರಲಿಲ್ಲ. ಗುಡಿಯ ಪೌಳಿ, ಮಠದ ಅಂಗಳ, ಉಳ್ಳವರ ಪಡಸಾಲೆಗಳಲ್ಲಿ ಮಕ್ಕಳು ಧೂಳು ಹರಡಿದ ಹಲಗೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮಗ್ಗಿ, ಕೋಷ್ಟಕಗಳನ್ನು ಕೂಗಿ ಕೂಗಿ ಬಾಯಿಪಾಠ ಮಾಡುತ್ತಿದ್ದರು. ಅಯ್ಯನವರಿಗೆ ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ಕಾಣಿಕೆ. ಊರಿನಲ್ಲಿ ಬರೆದಿಟ್ಟ ಲೆಕ್ಕವಿದ್ದದ್ದು ಕುಲಕರ್ಣಿಯ ಬಳಿ, ಅದೂ ಹೆಚ್ಚಾಗಿ ಮೋಡಿ ಲಿಪಿಯಲ್ಲಿ: ಹೊಲದ ಲೆಕ್ಕ, ಪಟ್ಟಿಯ ಲೆಕ್ಕ, ಬಾಕಿಯ ಲೆಕ್ಕ. ಎಷ್ಟು ಮಕ್ಕಳು ಓದುತ್ತಾರೆ ಎಂದು ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಆ ಪ್ರಶ್ನೆಯನ್ನು ಮೊದಲು ಕೇಳಿದ್ದು ಮುಂಬಯಿ ಸರ್ಕಾರ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಈ ಭಾಗ ಕಂಪನಿಯ ಕೈ ಸೇರುತ್ತ ಬಂತು. ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1823ರ ಡಿಸೆಂಬರಿನಲ್ಲಿ ಶಿಕ್ಷಣದ ಬಗ್ಗೆ ತಮ್ಮ ಹೆಸರಾದ ಟಿಪ್ಪಣಿ ಬರೆದರು. ಮರುವರ್ಷ ಕಲೆಕ್ಟರುಗಳಿಗೆ ಪ್ರಶ್ನೆಗಳು ಹೋದವು: ನಿಮ್ಮ ಸೀಮೆಯಲ್ಲಿ ಸಾಲಿಗಳೆಷ್ಟು, ಅವುಗಳಲ್ಲಿ ಓದುವ ಹುಡುಗರೆಷ್ಟು? ಬೆಳಗಾವಿ ಆಗಿನ್ನೂ ಧಾರವಾಡದ ಕಲೆಕ್ಟರರ ಕೈಕೆಳಗಿತ್ತು. ಬೇರೆ ಜಿಲ್ಲೆಯಾದದ್ದು 1836ರಲ್ಲಿ. ಈ ಸೀಮೆಯ ಸಾಲಿಗಳು ತಮ್ಮ ಬಗ್ಗೆ ಮೇಲಿನವರಿಗೆ ಲೆಕ್ಕ ಕೊಡುವ ಪರಂಪರೆ ಆ ಪ್ರಶ್ನೆಪಟ್ಟಿಯಿಂದ ಶುರುವಾಯಿತು.

ಅದು ದಿನನಿತ್ಯದ ಕೆಲಸವಾದದ್ದು ಮೂವತ್ತು ವರ್ಷಗಳ ನಂತರ. 1854ರ ವುಡ್ ವರದಿಯ ಬೆನ್ನಿಗೆ 1855ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು. 1863ರಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್ ಕರ ಹಾಕಿದರು. ಅದರ ಮೂರನೇ ಒಂದು ಪಾಲು ಸಾಲಿಗಳಿಗೆ, ಉಳಿದದ್ದು ರಸ್ತೆ ಮೊದಲಾದ ಕೆಲಸಗಳಿಗೆ. ಒಕ್ಕಲಿಗನ ದುಡ್ಡು ಸಾಲಿಗೆ ಬಂದ ಮೇಲೆ ಅದಕ್ಕೆ ಲೆಕ್ಕ ಬೇಕಾಯಿತು. ಹಾಜರಿ ಪುಸ್ತಕ, ಜನರಲ್ ರಜಿಸ್ಟರ್, ಸಾಮಾನಿನ ಪಟ್ಟಿ, ಪಗಾರ ಪತ್ರಿಕೆ, ತಿಂಗಳ ತಖ್ತೆ ಹೀಗೆ ಒಂದೊಂದಾಗಿ ಹಳ್ಳಿಯ ಸಾಲಿಯನ್ನು ಹೊಕ್ಕವು.

ಹಾಜರಿ ಪುಸ್ತಕಕ್ಕೆ ಆರಂಭದಲ್ಲೇ ಹಣದ ನಂಟು ಬಿದ್ದದ್ದು ಇಲ್ಲಿ ಮುಖ್ಯವಾದ ಸಂಗತಿ. ಇಂಗ್ಲೆಂಡು 1862ರಲ್ಲಿ ಒಂದು ನಿಯಮ ತಂದಿತ್ತು. ಮಕ್ಕಳ ಹಾಜರಿ ಮತ್ತು ಇನ್‌ಸ್ಪೆಕ್ಟರ್ ಎದುರಿನ ಪರೀಕ್ಷೆಯ ಫಲಿತಾಂಶ ನೋಡಿ ಸಾಲಿಗೆ ಅನುದಾನ ಕೊಡುವ ಪದ್ಧತಿ ಅದು. ಕೆಲವೇ ವರ್ಷಗಳಲ್ಲಿ ಮುಂಬಯಿ ಪ್ರಾಂತ್ಯದ ಅನುದಾನಿತ ಸಾಲಿಗಳಿಗೂ ಫಲಿತಾಂಶದ ಮೇಲೆ ಹಣ ಕೊಡುವ ಕ್ರಮ ಬಂತು. ಪುಸ್ತಕದಲ್ಲಿ ಹಾಕುವ ಒಂದೊಂದು ಗುರುತೂ ಹಣವಾಗುವಾಗ ಆ ಪುಸ್ತಕ ಮಕ್ಕಳ ಗೊಡವೆಗಿಂತ ಮಾಸ್ತರರ ಗೊಡವೆಯೇ ಆಗುತ್ತದೆ. ಪರೀಕ್ಷೆಗೆ ಬರುವ ಪಾಠ ಮಾತ್ರ ಪಾಠವಾಯಿತು ಎಂದು ಇಂಗ್ಲೆಂಡಿನಲ್ಲೇ ದೂರು ಎದ್ದಿತು, ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ಅವರು ಆ ಪದ್ಧತಿ ಕೈಬಿಟ್ಟರು. ಇಲ್ಲಿ 1904ರ ಮಾರ್ಚಿನಲ್ಲಿ ಕರ್ಜನ್ ಸರ್ಕಾರ ಹೊರಡಿಸಿದ ಶಿಕ್ಷಣ ನಿರ್ಣಯ ಅದರ ವಿರುದ್ಧ ಮಾತಾಡಿತು. ಪದ್ಧತಿ ಹೋಯಿತು. ಪದ್ಧತಿಗಾಗಿ ಹುಟ್ಟಿದ ಪುಸ್ತಕಗಳು ಕಪಾಟಿನಲ್ಲೇ ಉಳಿದವು.

ಆ ಕಾಲದ ಹಳ್ಳಿ ಮಾಸ್ತರರ ಬದುಕಿನಲ್ಲಿ ದೊಡ್ಡ ದಿನ ಎಂದರೆ ಡೆಪ್ಯುಟಿ ಸಾಹೇಬರು ಬರುವ ದಿನ. ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರ್ ಎಂಬ ಹುದ್ದೆಗೆ ಎಷ್ಟು ವಜನವಿತ್ತೆಂದರೆ ಚನ್ನಬಸಪ್ಪನವರ (1833–1881) ಹೆಸರಿನ ಹಿಂದೆ ಅದು ಕಾಯಂ ಆಗಿ ನಿಂತಿತು. ಇಂದಿಗೂ ಅವರು ಡೆಪ್ಯುಟಿ ಚನ್ನಬಸಪ್ಪನವರೇ. ಧಾರವಾಡದಲ್ಲಿ ಮಾಸ್ತರರನ್ನು ತಯಾರು ಮಾಡುವ ನಾರ್ಮಲ್ ಸ್ಕೂಲನ್ನು ನಡೆಸಿದವರು, ಮರಾಠಿ ತುಂಬಿದ್ದ ಸಾಲಿಗಳಲ್ಲಿ ಕನ್ನಡಕ್ಕೆ ಜಾಗ ಮಾಡಿಸಿದವರು, ಬೆಳಗಾವಿ ಭಾಗದ ಸಾಲಿಗಳನ್ನು ನೋಡಿಕೊಂಡವರು ಅವರು. ಈ ಸೀಮೆಯಲ್ಲಿ ಕನ್ನಡ ಸಾಲಿ ಬೇರು ಬಿಟ್ಟದ್ದು ಅಂಥ ತಪಾಸಣಾ ಅಧಿಕಾರಿಗಳ ಓಡಾಟದಿಂದ ಎಂಬುದನ್ನು ಮರೆಯಬಾರದು. ತಪಾಸಣೆ ಎಂದರೆ ಬರಿಯ ಕಾಟ ಎನ್ನುವವರು ಚನ್ನಬಸಪ್ಪನವರ ಕಾಲವನ್ನು ಓದಬೇಕು. ಸಾಹೇಬರು ಮಕ್ಕಳನ್ನು ಓದಿಸಿ, ಲೆಕ್ಕ ಹಾಕಿಸಿ, ಕೊನೆಗೆ ಶೇರಾ ಬುಕ್ಕಿನಲ್ಲಿ ತಮ್ಮ ಅಭಿಪ್ರಾಯ ಬರೆದು ಸಹಿ ಮಾಡುತ್ತಿದ್ದರು. ಒಳ್ಳೆಯ ಶೇರಾ ಬಿದ್ದರೆ ಮಾಸ್ತರರಿಗೆ ವರ್ಷವಿಡೀ ಅದೇ ಬಲ. ಅಲ್ಲಿ ತಪಾಸಣೆ ಮಗುವಿನ ಮುಂದೆ ನಡೆಯುತ್ತಿತ್ತು. ಪುಸ್ತಕ ಆಮೇಲೆ ಬರುತ್ತಿತ್ತು.

ಮಾಸ್ತರರ ಹೊರಗಿನ ಕೆಲಸಗಳೂ ಆಗಲೇ ಆರಂಭವಾಗಿದ್ದವು. ಮುಂಬಯಿ ಪ್ರಾಂತ್ಯದ ಹಳ್ಳಿಗಳಲ್ಲಿ ಅಂಚೆಯ ಕೆಲಸವನ್ನು ಸಾಲಿ ಮಾಸ್ತರರಿಗೇ ವಹಿಸಿ, ಅದಕ್ಕೊಂದಿಷ್ಟು ಹೆಚ್ಚಿನ ಸಂಬಳ ಕೊಡುವ ರೂಢಿಯಿತ್ತು. ಊರಿನಲ್ಲಿ ಓದುಬರಹ ಬಲ್ಲವರೇ ಬೆರಳೆಣಿಕೆ ಇದ್ದಾಗ ಮನಿಆರ್ಡರ್ ಫಾರ್ಮು ತುಂಬುವುದು, ಬಂದ ಕಾಗದ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು ಎಲ್ಲವೂ ಅವರ ಪಾಲಿಗೆ ಬಂದದ್ದು ಸಹಜ. ಜನಗಣತಿ ಶುರುವಾದಾಗ ಗೌಡ, ಕುಲಕರ್ಣಿಯರ ಜೊತೆ ಮನೆಮನೆ ಎಣಿಸಲು ಹೊರಟವರಲ್ಲಿ ಮಾಸ್ತರರೂ ಇದ್ದರು. ಸ್ವಾತಂತ್ರ್ಯದ ನಂತರ 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮತಗಟ್ಟೆಗಳಿಗೆ ಹೋದವರಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿದ್ದರು. ಊರು ನಂಬುತ್ತದೆ, ಬರೆಯಲು ಬರುತ್ತದೆ, ಸರ್ಕಾರದ ಸಂಬಳ ತಿನ್ನುತ್ತಾರೆ: ಈ ಮೂರು ಕಾರಣ ಸಾಕಾದವು. ಮುಲ್ಕಿ ಪರೀಕ್ಷೆ ಪಾಸಾದ ಹುಡುಗ ಮಾಸ್ತರನಾಗುವಾಗ ಊರಿನ ಕಾರಕೂನನೂ ತಾನೇ ಆಗುತ್ತೇನೆಂದು ತಿಳಿದೇ ಬರುತ್ತಿದ್ದ.

1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆ ಸಾಲಿಗಳನ್ನು ಸ್ಥಳೀಯ ಮಂಡಳಿಗಳಿಗೆ ಒಪ್ಪಿಸಿತು. 1947ರಲ್ಲಿ ಹೊಸ ಕಾಯ್ದೆ ಬಂತು. 1956ರ ನವೆಂಬರ್ 1ಕ್ಕೆ ಬೆಳಗಾವಿ ಮೈಸೂರು ರಾಜ್ಯ ಸೇರಿತು. ಕಾಗದದ ಮೇಲಿನ ಹೆಸರುಗಳು ಬದಲಾದವು, ಸ್ಕೂಲ್ ಬೋರ್ಡಿನ ಮುದ್ರೆಯ ಜಾಗದಲ್ಲಿ ರಾಜ್ಯ ಸರ್ಕಾರದ ಮುದ್ರೆ ಬಂತು. ದಪ್ತರದ ಗಂಟು ಹಾಗೆಯೇ ಮುಂದುವರಿಯಿತು.

ಹಳೆಯ ಜನರಲ್ ರಜಿಸ್ಟರನ್ನು ಒಮ್ಮೆಯಾದರೂ ಬಿಡಿಸಿ ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ. ದುಂಡಗಿನ ಕೈಬರಹದಲ್ಲಿ ಹುಡುಗನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜಾತಿ, ಹುಟ್ಟಿದ ಊರು, ಸಾಲಿಗೆ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಕಾರಣದ ಕಾಲಂ ಓದುತ್ತ ಕುಳಿತರೆ ಊರಿನ ಚರಿತ್ರೆಯೇ ಎದುರಿಗೆ ಬರುತ್ತದೆ. ಮನೆಗೆಲಸ, ದನ ಕಾಯಲು, ಊರು ಬಿಟ್ಟರು, ಮದುವೆ. ಗಡಿ ಭಾಗವಾದ್ದರಿಂದ ಕೆಲವು ಕಡೆ ಹಳೆಯ ಪುಟಗಳು ಮರಾಠಿಯಲ್ಲಿವೆ, ಆಮೇಲಿನವು ಕನ್ನಡದಲ್ಲಿವೆ. ಬಡವರ ಮನೆಯಲ್ಲಿ ಕುಲಕರ್ಣಿಯ ಲೆಕ್ಕಕ್ಕೆ ಸಿಗುವಷ್ಟು ಹೊಲವಿರಲಿಲ್ಲ, ಬರೆದಿಟ್ಟ ಬೇರೆ ಕಾಗದವೂ ಇರಲಿಲ್ಲ. ಅವರ ಹೆಸರು ಸರ್ಕಾರದ ಪುಸ್ತಕವನ್ನು ಮೊದಲ ಸಲ ಸೇರಿದ್ದು ಎಷ್ಟೋ ಸಲ ಸಾಲಿಯಲ್ಲೇ. ಪಕ್ಕದ ಮಹಾರಾಷ್ಟ್ರದಲ್ಲಿ 2023ರಲ್ಲಿ ಮರಾಠಾ ಮೀಸಲಾತಿಯ ಗದ್ದಲದ ನಡುವೆ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಕುಣಬಿ ದಾಖಲೆಗಳನ್ನು ಹುಡುಕಲು ಹೊರಟಾಗ ಕಂದಾಯದ ಕಾಗದಗಳ ಜೊತೆ ಸಾಲಿಯ ರಜಿಸ್ಟರುಗಳನ್ನೂ ತೆಗೆದು ನೋಡಬೇಕಾಯಿತು. ಮೋಡಿ ಓದಬಲ್ಲವರಿಗೆ ಆಗ ಎಲ್ಲಿಲ್ಲದ ಬೇಡಿಕೆ ಬಂತು.

ಇದನ್ನೆಲ್ಲ ನೆನೆದರೆ ಕಾಗದವನ್ನೇ ಬೈಯಲು ಮನಸ್ಸು ಬಾರದು. ಬರೆದಿಟ್ಟದ್ದು ಊರಿಗೆ ಉಪಕಾರವಾಗಿದೆ. "ಅಕ್ಕೋರ, ನಮ್ಮಪ್ಪನ ದಾಖಲೆ ಬೇಕಾಗೇತ್ರಿ, ಜಾತಿ ಸರ್ಟಿಫಿಕೇಟಿಗೆ" ಎಂದು ಬರುವವರು ಇಂದಿಗೂ ಇದ್ದಾರೆ. ಪುಟ ಹುಡುಕಿ, ಪುಡಿಯಾಗುವ ಅಂಚನ್ನು ಜೋಪಾನವಾಗಿ ಹಿಡಿದು, ನಕಲು ಬರೆದುಕೊಡುವ ಆ ಅರ್ಧ ಗಂಟೆ ಶಿಕ್ಷಕಿ ಮಾಡುವ ದೊಡ್ಡ ಸೇವೆ. ಆ ಹೊತ್ತಿನಲ್ಲಿ ಆಕೆಯ ತರಗತಿ ಬರಿದಾಗಿರುತ್ತದೆ ಎಂಬುದೂ ಅಷ್ಟೇ ನಿಜ. ಸರ್ಕಾರಿ ಪ್ರಾಥಮಿಕ ಶಾಲೆಗೆ ಗುಮಾಸ್ತರ ಹುದ್ದೆ ಇಲ್ಲ. ಬೀಗ ತೆಗೆಯುವುದರಿಂದ ಹಿಡಿದು ಲೆಕ್ಕ ಒಪ್ಪಿಸುವವರೆಗೆ ಎಲ್ಲವೂ ಪಾಠ ಹೇಳುವವರದೇ ಕೆಲಸ.

ಯಂತ್ರಗಳು ಬಂದದ್ದು ನಿಧಾನವಾಗಿ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು, ರೇಡಿಯೋ ಪಾಠಗಳು ಬಂದವು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸಿದ 'ಸೈಟ್' ಪ್ರಯೋಗ ಪಕ್ಕದ ವಿಜಾಪುರ ಜಿಲ್ಲೆಗೆ ಬಂತು, ರಾಯಚೂರು, ಗುಲಬರ್ಗಾಗಳಿಗೂ ಬಂತು. ಬೆಳಗಾವಿ ಆ ಪಟ್ಟಿಯಲ್ಲಿರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಆಪರೇಶನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಕೋಣೆ, ನಕ್ಷೆ, ವಿಜ್ಞಾನದ ಪೆಟ್ಟಿಗೆಗಳು ಬಂದವು. ಅದೇ ಕಾಲದ ಇನ್ನೊಂದು ಯೋಜನೆಯಲ್ಲಿ ಕ್ಯಾಸೆಟ್ ಹಾಕುವ ರೇಡಿಯೋಗಳು, ಕೆಲವು ಶಾಲೆಗಳಿಗೆ ಟೀವಿಗಳು ಬಂದವು.

ಬಂದ ಸಾಮಾನು ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಏರಬೇಕು. ಏರಿದ ಮೇಲೆ ಅದು ಕಳೆದರೆ, ಒಡೆದರೆ, ಕೆಟ್ಟರೆ ಹೆಡ್ ಮಾಸ್ತರರೇ ಉತ್ತರ ಹೇಳಬೇಕು. ವರ್ಗವಾಗಿ ಹೋಗುವಾಗ ಮುಂದಿನವರಿಗೆ ಪ್ರತಿ ವಸ್ತುವನ್ನೂ ಎಣಿಸಿ ಚಾರ್ಜ್ ಕೊಡಬೇಕು. ಇದಕ್ಕೆ ಅಂಜಿದ ಎಷ್ಟೋ ಜನ ವಿಜ್ಞಾನದ ಪೆಟ್ಟಿಗೆಗೆ ಬೀಗ ಹಾಕಿದರು, ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಭೂತಗನ್ನಡಿ ಮಕ್ಕಳ ಕೈಗೆ ಬರದೇ ವರ್ಷಗಳು ಕಳೆದವು. ತಂತ್ರಜ್ಞಾನ ಮಕ್ಕಳನ್ನು ಮುಟ್ಟದಂತೆ ತಡೆದದ್ದು ಮಾಸ್ತರರ ಆಲಸ್ಯ ಎಂದು ಆಗ ಮೇಲಿನವರು ಅಂದರು. ತಡೆದದ್ದು ಬಹುಮಟ್ಟಿಗೆ ಆ ರಜಿಸ್ಟರು. ಆ ಭಯ ಈಗ ಕಂಪ್ಯೂಟರು, ಪ್ರೊಜೆಕ್ಟರು, ಟ್ಯಾಬುಗಳ ಕಾಲಕ್ಕೂ ಬಂದಿದೆ.

ಕಂಪ್ಯೂಟರಿನ ವಿಷಯದಲ್ಲಿ ಬೆಳಗಾವಿ ಜಿಲ್ಲೆಗೆ ಒಂದು ವಿಶೇಷ ಸ್ಥಾನವಿದೆ. ವಿಶ್ವಬ್ಯಾಂಕ್ ನೆರವಿನ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, 1994–95ರಲ್ಲಿ ದೇಶದ ಏಳು ರಾಜ್ಯಗಳ 42 ಜಿಲ್ಲೆಗಳಲ್ಲಿ ಆರಂಭವಾಯಿತು. ಕರ್ನಾಟಕದಿಂದ ಮೊದಲ ಹಂತಕ್ಕೆ ಆಯ್ಕೆಯಾದವು ನಾಲ್ಕೇ: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಈ ಜಿಲ್ಲೆಗಳ ಶಾಲೆಗಳ ಮಾಹಿತಿ ಕಂಪ್ಯೂಟರಿಗೆ ಏರಿಸಲು ದೆಹಲಿಯ ನೀಪಾ ಸಂಸ್ಥೆ 'ಡೈಸ್' ಎಂಬ ವ್ಯವಸ್ಥೆ ಕಟ್ಟಿತು. ಇಡೀ ದೇಶ ಇಂದು ತುಂಬುವ ಯುಡೈಸ್ ನಮೂನೆಯ ಮೂಲರೂಪವನ್ನು ಮೊದಲು ತುಂಬಿದವರಲ್ಲಿ ಹುಕ್ಕೇರಿ, ಗೋಕಾಕ ತಾಲೂಕಿನ ಮಾಸ್ತರರೂ ಇದ್ದರು ಎಂಬುದು ಅವರಲ್ಲಿ ಹಲವರಿಗೇ ಗೊತ್ತಿರಲಿಕ್ಕಿಲ್ಲ.

ಕಂಪ್ಯೂಟರು ಹಳ್ಳಿಯ ಶಾಲೆಗೆ ಮೊದಲು ಬಂದದ್ದು ಕಾಗದದ ರೂಪದಲ್ಲಿ. ಸೆಪ್ಟೆಂಬರ್ 30ರಂದು ಇದ್ದಂತೆ ಶಾಲೆಯ ಸ್ಥಿತಿ ಬರೆಯಬೇಕು: ಕೋಣೆ ಎಷ್ಟು, ದುರಸ್ತಿಗೆ ಬಂದವೆಷ್ಟು, ಶೌಚಾಲಯ ಇದೆಯೇ, ನೀರು ಇದೆಯೇ, ಯಾವ ತರಗತಿಯಲ್ಲಿ ಯಾವ ವಯಸ್ಸಿನ ಎಷ್ಟು ಗಂಡು, ಎಷ್ಟು ಹೆಣ್ಣು, ಯಾವ ವರ್ಗದವರೆಷ್ಟು. ಆ ಉದ್ದನೆಯ ಫಾರ್ಮು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯ ಕೈಗೆ ಹೋಗುತ್ತಿತ್ತು, ಅಲ್ಲಿಂದ ಮೇಲಿನ ಕಚೇರಿಗೆ. ಕೀಲಿಮಣೆ ಮುಟ್ಟುತ್ತಿದ್ದವರು ಅಲ್ಲಿನ ಆಪರೇಟರುಗಳು. ವಯಸ್ಸಿನ ಕೋಷ್ಟಕದ ಅಡ್ಡ ಮೊತ್ತ, ಉದ್ದ ಮೊತ್ತ ತಾಳೆಯಾಗದಿದ್ದರೆ ಫಾರ್ಮು ತಿರುಗಿ ಬರುತ್ತಿತ್ತು. ಎಡಗಿವಿ ಮುಟ್ಟಿದ ಬಲಗೈಯ ಅಂದಾಜು, ಜೂನ್ 1ರ ಸಾಲು, ಹೀಗೆ ದೆಹಲಿಯ ಅಂಕಿಅಂಶವಾಗಿ ಏರಿತು.

ಈ ಲೆಕ್ಕದಿಂದ ಒಳ್ಳೆಯದೂ ಆಯಿತು. ಎಲ್ಲಿ ಒಂದೇ ಕೋಣೆಯ ಶಾಲೆ ಇದೆ, ಎಲ್ಲಿ ಒಬ್ಬರೇ ಮಾಸ್ತರರು ಐದು ತರಗತಿ ನಡೆಸುತ್ತಾರೆ, ಎಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ ಎಂಬುದು ಅಂಕಿಯಾಗಿ ಕಾಣತೊಡಗಿತು. ಹಣ ಬಂದಾಗ ಎಲ್ಲಿ ಕಟ್ಟಬೇಕೆಂದು ತೋರಿಸಲು ಕಾಗದವೊಂದು ಸಿಕ್ಕಿತು. 2001ರ ಏಪ್ರಿಲ್ ಆದೇಶದಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಬಂದ ಮೇಲೆ ಪಾಲಕರಿಗೂ ಲೆಕ್ಕ ಕೇಳುವ ಹಕ್ಕು ಬಂತು, ಜೊತೆಗೆ ಸಭೆಯ ನಡಾವಳಿ ಪುಸ್ತಕ, ಠರಾವು, ಹೊಸ ಬ್ಯಾಂಕ್ ಖಾತೆ, ಹೊಸ ಕ್ಯಾಶ್ ಬುಕ್ಕು ಬಂದವು.

ಆಮೇಲೆ ಬಂದ ಅಕ್ಷರ ದಾಸೋಹದಷ್ಟು ಮಕ್ಕಳಿಗೆ ಬೇಕಾದ ಯೋಜನೆ ಇನ್ನೊಂದಿಲ್ಲ. 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಗಿ ಮರುವರ್ಷ ಬೆಳಗಾವಿ ಸೇರಿ ಉಳಿದೆಡೆ ಬಂತು. ಕಬ್ಬಿನ ಹೊಲಕ್ಕೆ ಹೊತ್ತು ಮೂಡುವ ಮುಂಚೆ ಹೋಗುವ ತಾಯಂದಿರ ಮಕ್ಕಳು ಮಧ್ಯಾಹ್ನ ಹೊಟ್ಟೆ ತುಂಬ ಉಂಡರು, ಶಾಲೆಯಲ್ಲಿ ನಿಂತರು. ಅದರ ಲೆಕ್ಕ ಮಾತ್ರ ಗ್ರಾಂ ಗ್ರಾಂ. ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150. ಬೇಳೆ 20 ಮತ್ತು 30. ತರಕಾರಿ 50 ಮತ್ತು 75. ಎಣ್ಣೆ 5 ಮತ್ತು 7.5. ಅಂದಿನ ಹಾಜರಿಗೆ ಇದನ್ನೆಲ್ಲ ಗುಣಿಸಿ, ದಾಸ್ತಾನಿನಿಂದ ಕಳೆದು, ಶಿಲ್ಕು ತೆಗೆದು ಬರೆಯಬೇಕು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ಸೇರಿತು: ಮಗುವಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿ ಹಾಲು. ಆಮೇಲೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2024ರಲ್ಲಿ ರಾಗಿ ಮಾಲ್ಟ್. ಸಮವಸ್ತ್ರ, ಬೂಟು, ಪಠ್ಯಪುಸ್ತಕಗಳ ವಿತರಣೆಗೆ ಬೇರೆ ಬೇರೆ ವಹಿ, ಪಾಲಕರ ಬೇರೆ ಬೇರೆ ಸಹಿ. ಈ ಒಂದೊಂದೂ ಬೇಕಾದದ್ದೇ. ಒಬ್ಬ ಹೆಡ್ ಮಾಸ್ತರರು, ಅವರಿಗೂ ಒಂದು ತರಗತಿ, ಗುಮಾಸ್ತರಿಲ್ಲ ಎಂಬಲ್ಲಿ ತೊಡಕು ಇದೆ.

2010ರ ದಶಕದಲ್ಲಿ ಫಾರ್ಮು ತುಂಬುವ ಕೈಯೇ ಕೀಲಿಮಣೆಯನ್ನೂ ಒತ್ತಬೇಕಾಗಿ ಬಂತು. ಯುಡೈಸ್ 2012–13ರಲ್ಲಿ ಪ್ರಾಥಮಿಕ, ಪ್ರೌಢ ಎರಡನ್ನೂ ಒಂದು ಮಾಡಿತು. 2018–19ರಿಂದ ಯುಡೈಸ್ ಪ್ಲಸ್ ಆಗಿ ಆನ್‌ಲೈನ್ ಆಯಿತು. 2022–23ರಿಂದ ಶಾಲೆಯ ಒಟ್ಟು ಲೆಕ್ಕದ ಬದಲು ಒಬ್ಬೊಬ್ಬ ಮಗುವಿನ ವಿವರ ಕೇಳತೊಡಗಿತು. ಕರ್ನಾಟಕ ಆ ಹೊತ್ತಿಗಾಗಲೇ ತನ್ನದೇ 'ಸ್ಯಾಟ್ಸ್' ಮಾಡಿಕೊಂಡು ಪ್ರತಿ ಮಗುವಿಗೆ ಒಂದು ಸಂಖ್ಯೆ ಕೊಟ್ಟಿತ್ತು. ದಾಖಲಾತಿ, ಹಾಜರಿ, ಅಂಕ, ಊಟ, ವರ್ಗಾವಣೆ ಪತ್ರ ಎಲ್ಲವೂ ಅದರಲ್ಲಿ. ರಾಜ್ಯದ ಸಂಖ್ಯೆ ಒಂದು, ಕೇಂದ್ರದ 'ಪೆನ್' ಸಂಖ್ಯೆ ಇನ್ನೊಂದು, 2023ರ ನಂತರ ಹನ್ನೆರಡು ಅಂಕಿಯ 'ಅಪಾರ್' ಮತ್ತೊಂದು, ಆಧಾರ್ ಇದ್ದೇ ಇದೆ. ಒಂದೇ ಮಗುವಿಗೆ ನಾಲ್ಕು ಸಂಖ್ಯೆ, ನಾಲ್ಕನ್ನೂ ತಾಳೆ ಮಾಡುವ ಕೆಲಸ ಒಬ್ಬರದೇ.

ತಾಳೆ ಮಾಡುವುದು ಸುಲಭವಲ್ಲ. ಜನರಲ್ ರಜಿಸ್ಟರಿನಲ್ಲಿ ಯಲ್ಲಪ್ಪ ಎಂದು ಕನ್ನಡದಲ್ಲಿದೆ. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಅದು ಬೇರೊಂದು ರೀತಿ ಬಿದ್ದಿದೆ, ತಂದೆಯ ಹೆಸರಿನಲ್ಲಿ ಅಡ್ಡಹೆಸರು ಸೇರಿಕೊಂಡಿದೆ, ಹುಟ್ಟಿದ ತಾರೀಖು ಎರಡು ದಿನ ಹೆಚ್ಚುಕಡಿಮೆ. ಒಂದು ಅಕ್ಷರ ತಪ್ಪಿದರೂ ಅಪಾರ್ ಹುಟ್ಟುವುದಿಲ್ಲ. "ಆಧಾರ್ ತಿದ್ದಿಸಿಕೊಂಡು ಬರ್ರಿ" ಎಂದು ಪಾಲಕರಿಗೆ ಹೇಳಬೇಕು. ಅವರು ಒಂದು ದಿನದ ಕೂಲಿ ಬಿಟ್ಟು ಗೋಕಾಕಕ್ಕೋ ಹುಕ್ಕೇರಿಗೋ ಹೋಗಬೇಕು. "ಮೊನ್ನೆನೂ ಹೋಗಿದ್ನಿರಿ ಸರ, ಇವತ್ತ ಬರಬ್ಯಾಡಾ ಅಂದ್ರ" ಎಂಬ ಮಾತಿಗೆ ಮಾಸ್ತರರ ಬಳಿ ಉತ್ತರವಿಲ್ಲ. 2024ರ ಡಿಸೆಂಬರ್ 9 ಮತ್ತು 10ರಂದು ದೇಶಾದ್ಯಂತ ಅಪಾರ್ ದಿನವನ್ನೇ ಮಾಡಿದರು. ಕಬ್ಬಿನ ಹಂಗಾಮಿನ ನಡುವಿನ ದಿನಗಳವು. ಸಂಕೇಶ್ವರದ ಹಿರಣ್ಯಕೇಶಿಯಿಂದ ಗೋಕಾಕದ ಘಟಪ್ರಭಾವರೆಗೆ ಕಾರ್ಖಾನೆಗಳು ನುರಿಸುತ್ತಿರುವಾಗ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬರುವ ಮಕ್ಕಳೂ ಇರುತ್ತಾರೆ, ಗ್ಯಾಂಗಿನ ಜೊತೆ ಹೋಗುವ ಮಕ್ಕಳೂ ಇರುತ್ತಾರೆ. ಪೋರ್ಟಲಿನಲ್ಲಿ ಪ್ರತಿ ಮಗುವೂ ಒಂದೇ ಕಡೆ ಇರಬೇಕು.

ಪೋರ್ಟಲ್ ತೆರೆಯಲು ಮೊದಲು ಕರೆಂಟು ಬೇಕು. ವಿದ್ಯುತ್ತಿನ ವಿಷಯದಲ್ಲಿ ಹುಕ್ಕೇರಿ ತಾಲೂಕಿನ ಚರಿತ್ರೆ ಹೆಮ್ಮೆಯದು. 1969ರಲ್ಲಿ ಇಲ್ಲಿ ಸಹಕಾರಿ ತತ್ವದ ಗ್ರಾಮೀಣ ವಿದ್ಯುತ್ ಸಂಘ ಹುಟ್ಟಿತು. ರಾಜ್ಯದಲ್ಲಿ ವಿದ್ಯುತ್ ಹಂಚುವ ಅಂಥ ಸಂಘ ಇದೊಂದೇ. ಹಳ್ಳಿ ಹಳ್ಳಿಗೆ ಕಂಬ ಬಂತು, ಶಾಲೆಗೂ ಬಲ್ಬು ಬಂತು. ಈಗ ಬೇಕಾಗಿರುವುದು ಕರೆಂಟಿನ ಜೊತೆಗೆ ಸಿಗ್ನಲ್ಲು. ಹಗಲಿಡೀ ಎಲ್ಲ ಶಾಲೆಗಳೂ ಒಟ್ಟಿಗೆ ಪೋರ್ಟಲ್ ತೆರೆದು ಅದು ಕುಸಿದಾಗ ಹಲವರು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಕುಳಿತು ಏರಿಸುತ್ತಾರೆ. ವಯಸ್ಸಾದ ಕೆಲವರು ಪೇಟೆಯ ಝೆರಾಕ್ಸ್ ಅಂಗಡಿಗೆ ಹೋಗಿ ತಮ್ಮ ಕಿಸೆಯಿಂದ ಹಣ ಕೊಟ್ಟು ಮಾಡಿಸುತ್ತಾರೆ. ಅಷ್ಟಾದ ಮೇಲೆ ವಾಟ್ಸ್ಯಾಪ್ ಗುಂಪಿನಲ್ಲಿ 'ಅತಿ ಜರೂರು' ಎಂಬ ಸಂದೇಶ ಬರುತ್ತದೆ: ಅದೇ ಮಾಹಿತಿಯನ್ನು ಈ ನಮೂನೆಯಲ್ಲಿ ತುಂಬಿ, ಸಹಿ ಮಾಡಿ, ಮುದ್ರೆ ಹಾಕಿ, ಇಂದು ಸಂಜೆ 4 ಗಂಟೆಯೊಳಗೆ ಫೋಟೋ ಕಳಿಸಿರಿ. ಪೋರ್ಟಲಿಗೆ ಏರಿಸಿದ ಮಾಹಿತಿ ಮತ್ತೆ ಕಾಗದದಲ್ಲಿ ಬೇಕಾಗುತ್ತದೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಗೋಕಾಕ, ಹುಕ್ಕೇರಿ, ಮೂಡಲಗಿ ವಲಯಗಳಿಗಷ್ಟೇ ಇದು ಸೀಮಿತವಲ್ಲ, ರಾಜ್ಯದ ಯಾವ ಶಾಲೆಗೆ ಹೋದರೂ ಇದೇ ಮಾತು ಕೇಳುತ್ತದೆ.

ತಂತ್ರಜ್ಞಾನದ ನಿಜವಾದ ಉಪಯೋಗ ಕಂಡ ಸಂದರ್ಭಗಳೂ ಇವೆ. 2019ರ ಆಗಸ್ಟಿನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರು ಸೇರಿ ಘಟಪ್ರಭೆ ಉಕ್ಕಿದಾಗ ಗೋಕಾಕ ಪಟ್ಟಣವೇ ಮುಳುಗಿತು. ನದಿದಂಡೆಯ ಶಾಲೆಗಳಿಗೆ ನೀರು ಹೊಕ್ಕಿತು, ಎತ್ತರದ ಶಾಲೆಗಳು ಗಂಜಿ ಕೇಂದ್ರಗಳಾದವು. ಕಪಾಟಿನ ಕೆಳಗಿನ ಖಾನೆಯ ಕಾಗದ ಕೆಸರಾಯಿತು. ಸ್ಯಾಟ್ಸ್‌ಗೆ ಏರಿಸಿದ್ದ ಮಕ್ಕಳ ವಿವರಕ್ಕೆ ಏನೂ ಆಗಲಿಲ್ಲ. ಮರುವರ್ಷ ಕೊರೋನಾ ಬಂದಾಗ 2020ರ ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮದಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳು, ಓಣಿಯ ಪಡಸಾಲೆಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದರು. ಸೋಂಕಿನ ಕಾರಣಕ್ಕೆ ಅಕ್ಟೋಬರಿನಲ್ಲಿ ಅದು ನಿಂತಿತು. ಗಾಂವಠಿ ಸಾಲಿಯ ಕಾಲದ ಜಾಗಗಳಿಗೇ ಮರಳಿ ಹೋಗಿದ್ದ ಆ ತಿಂಗಳುಗಳಲ್ಲೂ ಎಷ್ಟು ಮಕ್ಕಳು ಕೂತರು ಎಂಬ ವರದಿ ಕಳಿಸುವುದು ಮಾತ್ರ ತಪ್ಪಲಿಲ್ಲ.

ಮಾಸ್ತರರ ಹೊರಗಿನ ಕೆಲಸಗಳೂ ನಿಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ದಸರಾ ರಜೆಯಲ್ಲಿ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆಗೆ ಹೋದರು. ಮನೆಯ ಗುರುತಿಗೆ ವಿದ್ಯುತ್ ಮೀಟರು, ಬಾಗಿಲಿಗೆ ಸ್ಟಿಕರು, ಕೈಯಲ್ಲಿ ಆ್ಯಪು. ಮೊದಲ ದಿನಗಳಲ್ಲಿ ಆ್ಯಪು ತೆರೆಯದೆ, ನೆಟ್‌ವರ್ಕ್ ಸಿಗದೆ ಮಾಳಿಗೆ, ದಿಬ್ಬ ಹತ್ತಿ ನಿಂತವರಿದ್ದರು. ಕೆಲಸ ಮುಗಿಯದ್ದರಿಂದ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಮಕ್ಕಳ ಪಾಠದ ದಿನಗಳು ಅಷ್ಟು ಕಡಿಮೆಯಾದವು. ಮುಂದೆ 2027ರ ಜನಗಣತಿ ಇದೆ, ಅದೂ ಡಿಜಿಟಲ್.

ಹಿಂದುಳಿದವರ ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಪ್ರಶ್ನೆ ಇರುವುದು ಅದನ್ನು ಯಾರ ಹೊತ್ತಿನಲ್ಲಿ ಮಾಡಬೇಕು ಎಂಬುದರಲ್ಲಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಇದಕ್ಕೆ ಮಿತಿ ಹಾಕಿದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಿಕ್ಷಕರ ಮೇಲೆ ಆಡಳಿತದ ಶ್ರಮದ ಕೆಲಸ ಹೇರಬಾರದು, ಬಿಸಿಯೂಟದ ಕೆಲಸಕ್ಕೂ ಮಿತಿ ಇರಬೇಕು ಎಂದಿದೆ. ಕಾನೂನಿನಲ್ಲಿ ಬರೆದದ್ದು ಶಾಲೆಯ ಬಾಗಿಲಿಗೆ ಇನ್ನೂ ಬಂದಿಲ್ಲ. ಅದರ ನಡುವೆ 2025ರಲ್ಲಿ ಮುಖ ಗುರುತಿಸುವ ಯಂತ್ರದಿಂದ ಮಕ್ಕಳ ಹಾಜರಿ ಹಾಕುವ ಯೋಜನೆಯನ್ನು ರಾಜ್ಯ ಸರ್ಕಾರ ಪ್ರಕಟಿಸಿತು. ಮಕ್ಕಳ ಮುಖದ ಚಿತ್ರಗಳ ಸುರಕ್ಷತೆಯ ಬಗ್ಗೆ ಮಕ್ಕಳ ಹಕ್ಕುಗಳ ಪರ ಕೆಲಸ ಮಾಡುವವರು ಆಕ್ಷೇಪ ಎತ್ತಿದರು. ಶಿಕ್ಷಕರ ಕಡೆಯಿಂದ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದು ಬಂದರೆ ಕಾಗದದ ಹಾಜರಿ ಪುಸ್ತಕ ಹೋಗುತ್ತದೆಯೇ?

ಚರಿತ್ರೆ ನೋಡಿದರೆ ಹೋಗುವುದಿಲ್ಲ ಎಂದೇ ಹೇಳಬೇಕಾಗುತ್ತದೆ. ಆದ್ದರಿಂದ ಸರ್ಕಾರ ಹೊಸದೊಂದು ಆ್ಯಪು ಕೊಡುವ ಆದೇಶದಲ್ಲೇ ಯಾವ ವಹಿ ಅಂದಿನಿಂದ ನಿಲ್ಲುತ್ತದೆ ಎಂದು ಹೆಸರಿಸಿ ಬರೆಯಬೇಕು. ಒಮ್ಮೆ ಪೋರ್ಟಲಿಗೆ ಏರಿದ ಮಾಹಿತಿಯನ್ನು ಮತ್ತೆ ಕಾಗದದಲ್ಲಿ ಕೇಳುವ ಅಧಿಕಾರ ಯಾವ ಕಚೇರಿಗೂ ಇರಬಾರದು. ಪ್ರತಿ ಶಾಲೆಗೆ ಆಗದಿದ್ದರೂ ಪ್ರತಿ ಕ್ಲಸ್ಟರಿಗೆ ಒಬ್ಬ ಗುಮಾಸ್ತರನ್ನು ಕೊಟ್ಟರೆ ಹತ್ತಾರು ಶಿಕ್ಷಕರು ತರಗತಿಗೆ ಮರಳುತ್ತಾರೆ. ಇದಕ್ಕೆ ಬೇಕಾಗುವ ಸಂಬಳ, ಕಳೆದುಹೋಗುತ್ತಿರುವ ಪಾಠದ ಬೆಲೆಗಿಂತ ಬಹಳ ಕಡಿಮೆ.

ಊರಿನವರು ಮಾಡಬಹುದಾದ ಕೆಲಸವೂ ಒಂದಿದೆ, ಅದಕ್ಕೆ ಯಾರ ಆದೇಶವೂ ಬೇಕಿಲ್ಲ. ಘೋಡಗೇರಿಯಲ್ಲಿರಲಿ, ಸುತ್ತಲ ಯಾವ ಹಳ್ಳಿಯಲ್ಲಿರಲಿ, ಹಳೆಯ ಕನ್ನಡ ಸಾಲಿಯ ಜನರಲ್ ರಜಿಸ್ಟರುಗಳ ಕಾಗದ ಈಗ ಮುಟ್ಟಿದರೆ ಮುರಿಯುವಂತಾಗಿದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಠರಾವು ಮಾಡಿ, ಹೆಡ್ ಮಾಸ್ತರರ ಸಮಕ್ಷಮದಲ್ಲಿ ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಶಾಲೆಯಲ್ಲಿ, ಇನ್ನೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಇಡಿಸಿರಿ. ನಿಮ್ಮ ಅಜ್ಜನ ಹೆಸರು ಅದರಲ್ಲಿದೆ.